ನವೆಯ ಚರಿತ್ರೆ: ನಸುಗುನ್ನಿಯಿಂದ ನರದವರೆಗೆ

ಜೋಯಿಡಾದ ಘಟ್ಟಗಳಲ್ಲಾಗಲಿ, ದಾಂಡೇಲಿಯ ಕಾಳೀನದಿಯ ದಂಡೆಯಲ್ಲಾಗಲಿ, ಹಳಿಯಾಳ ಮುಂಡಗೋಡಗಳ ಕಾಡಂಚಿನಲ್ಲಾಗಲಿ ಓಡಾಡಿದವರಿಗೆ ನಸುಗುನ್ನಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಆ ಬಳ್ಳಿಯ ಒಣಕಾಯಿಯ ಮೇಲಿನ ರೋಮ ಮೈಗೆ ತಾಗಿದರೆ ಸಾಕು, ಮನುಷ್ಯನು ಹಿಡಿದ ಕೆಲಸವನ್ನು ಬಿಟ್ಟು ಕೆರೆದುಕೊಳ್ಳತೊಡಗುತ್ತಾನೆ. ನಮ್ಮ ಕಾಡುಗಳಲ್ಲಿ ಕರಿಗೇರಿನ ಮರವೂ ಉಂಟು. ಅದರ ಸೊನೆಯ ಸ್ವಭಾವ ಬೇರೆ. ತಾಗಿದ ದಿನ ಹಲವರಿಗೆ ಏನೂ ತೋರದು. ಒಂದೆರಡು ದಿನಗಳ ಮೇಲೆ ಚರ್ಮ ಕೆಂಪೇರಿ, ಬಾತು, ಗುಳ್ಳೆಯೆದ್ದು ನವೆಗೆ ಮೊದಲಾಗುತ್ತದೆ. ಒಂದು ಆ ಕ್ಷಣದಲ್ಲಿ, ಇನ್ನೊಂದು ತಡವಾಗಿ. ಈ ವ್ಯತ್ಯಾಸಕ್ಕೆ ಕಾರಣವೇನು?

ನಮ್ಮ ಹಿರಿಯರು ಕಾರಣವನ್ನು ಹೇಳಲಿಲ್ಲವಾದರೂ ಲಕ್ಷಣವನ್ನು ಚೆನ್ನಾಗಿ ಗುರುತಿಸಿದ್ದರು. ಅಮರಕೋಶವನ್ನು ತೆರೆದು ನೋಡಿರಿ. ನಸುಗುನ್ನಿಗೆ ಕಪಿಕಚ್ಛು, ಕಂಡೂರಾ, ಆತ್ಮಗುಪ್ತಾ ಎಂಬ ಹೆಸರುಗಳಿವೆ. ಮೊದಲಿನ ಎರಡೂ ನವೆಯನ್ನು ಸೂಚಿಸಿದರೆ, ಮೂರನೆಯದು ತನ್ನನ್ನು ತಾನೇ ಕಾಪಾಡಿಕೊಳ್ಳುವುದೆಂದು ಹೇಳುತ್ತದೆ. ಗೇರಿಗೆ ಅರುಷ್ಕರ, ಎಂದರೆ ಹುಣ್ಣುಮಾಡುವುದು. ಅಗ್ನಿಮುಖೀ, ಎಂದರೆ ಬೆಂಕಿಮೋರೆಯದು. ಪಶ್ಚಿಮದಲ್ಲಿ ರೋಮಿನ ಸೆಲ್ಸಸನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಉರಿಯೂತಕ್ಕೆ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಹೇಳಿದನು. ಆ ನಾಲ್ಕರಲ್ಲಿ ನವೆಗೆ ಸ್ಥಾನವಿಲ್ಲ.

1868ರಲ್ಲಿ ಬರ್ಲಿನ್ನಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಪೌಲ್ ಲಾಂಗರ್‌ಹಾನ್ಸನು ಚರ್ಮಕ್ಕೆ ಚಿನ್ನದ ಲವಣದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಕವಲು ಚಾಚಿದ ಜೀವಕಣಗಳು ಕಂಡವು. ಅವು ನರಕ್ಕೆ ಸೇರಿದವೆಂದು ಆತನು ಬಗೆದನು. ಒಂದು ಶತಮಾನದ ಮೇಲೆ, 1970ರ ದಶಕದಲ್ಲಿ, ಅವು ನರಗಳಲ್ಲವೆಂದೂ ದೇಹದ ಕಾವಲುಪಡೆಯ ಕಣಗಳೆಂದೂ ತಿಳಿಯಿತು. ಆದರೂ ಆತನ ಊಹೆ ಪೂರ್ತಿಯಾಗಿ ಹುಸಿಯಾಗಲಿಲ್ಲವೆಂಬುದನ್ನು ಮುಂದೆ ನೋಡುವಿರಿ.

ಇನ್ನೊಂದು ಸುಳಿವು ಲಂಡನ್ನಿನಿಂದ ಬಂದಿತು. ಮುಂಗೈಯ ಮೇಲೆ ಮೊಂಡ ಕಡ್ಡಿಯಿಂದ ಗಟ್ಟಿಯಾಗಿ ಗೀರಿದರೆ ಮೊದಲು ಕೆಂಪು ಗೆರೆ ಮೂಡುತ್ತದೆ. ಅನಂತರ ಸುತ್ತಲೂ ಕೆಂಪು ಹರಡುತ್ತದೆ. ಕಡೆಗೆ ಗೆರೆಯು ಉಬ್ಬುತ್ತದೆ. ಥಾಮಸ್ ಲೂಯಿಸರು 1927ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿ, ಸುತ್ತ ಹರಡುವ ಕೆಂಪು ನರತಂತುಗಳ ಕೆಲಸವೆಂದು ತೋರಿಸಿದರು. ನರವು ಸುದ್ದಿಯನ್ನು ಮಿದುಳಿಗೆ ಒಯ್ಯುವ ತಂತಿ ಮಾತ್ರವಲ್ಲ. ತನ್ನ ತುದಿಯಿಂದ ಚರ್ಮಕ್ಕೆ ದ್ರವ್ಯಗಳನ್ನು ಸುರಿಸಿ ಉರಿಯೂತವನ್ನು ತಾನೇ ಎಬ್ಬಿಸಬಲ್ಲುದು. ಅಂತಹ ದ್ರವ್ಯಗಳಲ್ಲಿ ಒಂದಾದ 'ಸಬ್‌ಸ್ಟೆನ್ಸ್ ಪಿ' 1931ರಲ್ಲಿ ಪತ್ತೆಯಾಯಿತು.

ಈಗ ನಮ್ಮ ನಸುಗುನ್ನಿಗೆ ಬರೋಣ. ಹಿಂದಿಯ ಕೇವಾಂಚ್ ಎಂಬ ಹೆಸರೇ ಇಂಗ್ಲಿಷಿನಲ್ಲಿ ಕೌಹೇಜ್ ಆಗಿ, ಆ ಬಳ್ಳಿಯ ರೋಮ ಪ್ರಯೋಗಶಾಲೆಗಳನ್ನು ಹೊಕ್ಕಿತು. 1955ರಲ್ಲಿ ಶೆಲ್ಲಿ ಮತ್ತು ಆರ್ಥರ್ ಎಂಬ ಅಮೆರಿಕದ ವೈದ್ಯರು, ನವೆಗೆ ಕಾರಣ ಆ ರೋಮದೊಳಗಿನ ಒಂದು ಕಿಣ್ವವೆಂದು ಕಂಡು ಅದನ್ನು ಮ್ಯೂಕುನೈನ್ ಎಂದು ಕರೆದರು. ಆ ಕಿಣ್ವವು ಯಾವ ಗ್ರಾಹಕಗಳ ಮೂಲಕ ನವೆಯನ್ನೆಬ್ಬಿಸುತ್ತದೆಂಬುದು 2008ರಲ್ಲಿ ಸ್ಪಷ್ಟವಾಯಿತು. ಪಿತ್ತದ ಗಂಧೆಗಳಲ್ಲಿ ನವೆಯನ್ನುಂಟುಮಾಡುವ ಹಿಸ್ಟಮೀನ್‌ಗಿಂತ ಇದರ ದಾರಿ ಬೇರೆ. ಆದುದರಿಂದ ಹಿಸ್ಟಮೀನ್ ತಡೆಯುವ ಗುಳಿಗೆಗೆ ಎಲ್ಲ ನವೆಯೂ ಬಗ್ಗುವುದಿಲ್ಲ.

ಕರಿಗೇರಿನ ಕಥೆ ಬೇರೆ. ಅಗಸರು ಅದರ ಕಾಯಿಯ ರಸದಿಂದ ಬಟ್ಟೆಗೆ ಗುರುತು ಹಾಕುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಆ ಗುರುತು ತಾಗಿದಲ್ಲಿಯೇ ದದ್ದುಗಳೆದ್ದವು. ವೈದ್ಯರು 1943ರಲ್ಲಿ ಇದನ್ನು 'ಧೋಬಿ ಗುರುತಿನ ಉರಿಯೂತ'ವೆಂದು ವರ್ಣಿಸಿದರು. ಇಲ್ಲಿ ಕೆಲಸ ಮಾಡುವುದು ಲಾಂಗರ್‌ಹಾನ್ಸನ ಕಣಗಳಂತಹ ಕಾವಲುಗಾರರು. ಅವು ಸೊನೆಯ ಕುರುಹನ್ನು ಹಾಲುರಸದ ಗ್ರಂಥಿಗಳಿಗೆ ಒಯ್ದು, ಅಲ್ಲಿನ ಬಿಳಿಯ ಕಣಗಳಿಗೆ ತೋರಿಸುತ್ತವೆ. ಹೀಗೆ ಕಲಿತ ಬಿಳಿಯ ಕಣಗಳು ಮತ್ತೊಮ್ಮೆ ಸೊನೆ ತಾಗಿದಾಗ ಬಂದು ಮುತ್ತಲು ಒಂದೆರಡು ದಿನ ಬೇಕು. ತಡಕ್ಕೆ ಕಾರಣ ಇದೇ. 1993ರಲ್ಲಿ ನರದ ತುದಿಗಳು ಲಾಂಗರ್‌ಹಾನ್ಸನ ಕಣಗಳನ್ನು ಮುಟ್ಟಿಕೊಂಡಿರುವುದೂ, ನರದ ಒಂದು ದ್ರವ್ಯ ಅವುಗಳ ಕೆಲಸವನ್ನು ತಗ್ಗಿಸಬಲ್ಲುದೆಂಬುದೂ ಪ್ರಕಟವಾಯಿತು. ನೂರಿಪ್ಪತ್ತೈದು ವರ್ಷಗಳ ಮೇಲೆ ಆ ವಿದ್ಯಾರ್ಥಿಯ ಊಹೆಗೆ ಅರ್ಧ ಗೆಲುವು ದೊರೆಯಿತು.

ಹಾಗಾದರೆ ಕೆರೆದುಕೊಳ್ಳುವುದು ಒಳ್ಳೆಯದೋ ಕೆಟ್ಟದೋ? ಅಮೆರಿಕದ ಪಿಟ್ಸ್‌ಬರ್ಗಿನ ಸಂಶೋಧಕರು 2025ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಉತ್ತರ ಹೇಳಿದ್ದಾರೆ. ಕೆರೆದಾಗ ನರಗಳು ಸಬ್‌ಸ್ಟೆನ್ಸ್ ಪಿಯನ್ನು ಸುರಿಸುತ್ತವೆ, ಅದು ಚರ್ಮದ ಮಾಸ್ಟ್ ಕಣಗಳನ್ನು ಕೆರಳಿಸುತ್ತದೆ, ಊತ ಹೆಚ್ಚುತ್ತದೆ. ಕೆರೆಯಗೊಡದ ಇಲಿಗಳಲ್ಲಿ ಊತ ಕಡಿಮೆಯಾಯಿತು. ಜೊತೆಗೆ, ಕೆರೆತದಿಂದ ಚರ್ಮದ ಒಂದು ಬಗೆಯ ರೋಗಾಣು ತಗ್ಗಿದುದೂ ಕಂಡಿತು. ನಿಸರ್ಗವು ಈ ಸುಖವನ್ನು ಸುಮ್ಮನೆ ಇಟ್ಟಿಲ್ಲ; ಆದರೆ ಗೇರಿನ ಸೊನೆಗಾಗಲಿ ನಸುಗುನ್ನಿಯ ರೋಮಕ್ಕಾಗಲಿ ಕೆರೆತ ಮದ್ದಲ್ಲ. ಉಜ್ಜದೆ ತೊಳೆಯುವುದೇ ಲೇಸು.

ನರವೂ ಕಾವಲುಕಣವೂ ಒಂದೇ ಚರ್ಮದಲ್ಲಿ ನೆರೆಹೊರೆಯಾಗಿರುವುದರ ಇನ್ನೊಂದು ಮುಖ ಕುಷ್ಠರೋಗ. 1873ರಲ್ಲಿ ನಾರ್ವೆಯ ಹಾನ್ಸೆನ್ ಕಂಡ ಅದರ ರೋಗಾಣು ನರದೊಳಗೇ ಮನೆಮಾಡುತ್ತದೆ. ಅದನ್ನು ಹೊಡೆಯಲು ಬಂದ ಕಾವಲುಕಣಗಳಿಂದಲೂ ನರ ಕೆಡುತ್ತದೆ. ಆಗ ಮೈಮೇಲೆ ಮಚ್ಚೆ ಕಂಡರೂ ಅಲ್ಲಿ ನವೆಯಿಲ್ಲ, ನೋವಿಲ್ಲ, ಮುಟ್ಟಿದ್ದೂ ತಿಳಿಯದು. ತೊಂದರೆ ಕೊಡದ ಮಚ್ಚೆಯೆಂದು ಜನರು ಅದನ್ನು ಅಲಕ್ಷ್ಯ ಮಾಡುತ್ತಾರೆ. ಅಷ್ಟರಲ್ಲಿ ಬೆರಳುಗಳು ಸೆಟೆಯುತ್ತವೆ. ಈ ರೋಗಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಧರ್ಮಾರ್ಥವಾಗಿ ದೊರೆಯುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಗುಣವಾಗುತ್ತದೆ. ಆದುದರಿಂದ, ಓದುಗರೆ, ಮನೆಯ ಮಕ್ಕಳ ಮೈಮೇಲೆ, ಕಾಡಿಗೆ ಹೋಗಿಬರುವ ಕೆಲಸದಾಳುಗಳ ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ, ನವೆಯಿಲ್ಲವಲ್ಲ ಎಂದು ಸಮಾಧಾನಪಡದೆ ವೈದ್ಯರಿಗೆ ತೋರಿಸಿರಿ.