ತಲಾಂತು ಮತ್ತು ನಿಘಂಟು: ಫರ್ಡಿನಾಂಡ್ ಕಿಟ್ಟೆಲರ ಸೇವೆಯ ಕುರಿತು

'ತಲಾಂತು' ಎಂಬ ಶಬ್ದವನ್ನು ನಾವು ಸಭೆಯಲ್ಲಿ ಬಹು ಸುಲಭವಾಗಿ ಬಳಸುತ್ತೇವೆ. ಹಾಡಬಲ್ಲವರಿಗೆ ಒಂದು ತಲಾಂತು, ಮಾತನಾಡಬಲ್ಲವರಿಗೆ ಇನ್ನೊಂದು ಎಂದು ಹಂಚಿಬಿಡುತ್ತೇವೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಾದರೋ ಅದು ಸಹಜ ಸಾಮರ್ಥ್ಯದ ಹೆಸರಲ್ಲ, ತೂಕದ ಹೆಸರು. ಆ ಅರ್ಥ ಬಂದದ್ದು ನಂತರದ ಕಾಲದಲ್ಲಿ, ಯೂರೋಪಿನ ಭಾಷೆಗಳಲ್ಲಿ, ಇದೇ ಸಾಮ್ಯದ ವ್ಯಾಖ್ಯಾನದ ಮೂಲಕ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿಗಳು. ಅದೇ ಸುವಾರ್ತೆಯ 20ನೆಯ ಅಧ್ಯಾಯದ ಪ್ರಕಾರ ದಿನಾರಿಯು ಒಬ್ಬ ಕೂಲಿಯಾಳಿನ ದಿನದ ಸಂಬಳ. ಹೀಗಿರುವಾಗ ಒಂದೇ ತಲಾಂತು ಹೊಂದಿದ ಆಳಿನ ಕೈಯಲ್ಲಿಯೂ ಒಬ್ಬ ಮನುಷ್ಯನ ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯಷ್ಟು ಮೌಲ್ಯ ಒಪ್ಪಿಸಲ್ಪಟ್ಟಿತ್ತು. ನಾವು ಅವನನ್ನು ಬಡವನೆಂದು ಭಾವಿಸುವುದು ಸರಿಯಲ್ಲ.

ಈ ಲೆಕ್ಕವನ್ನು ಮುಂದಿಟ್ಟುಕೊಂಡು ಫರ್ಡಿನಾಂಡ್ ಕಿಟ್ಟೆಲರ ಜೀವನವನ್ನು ಮತ್ತೊಮ್ಮೆ ಓದುವುದು ಉಚಿತವೆಂದು ನಮಗೆ ತೋರುತ್ತದೆ. ಕನ್ನಡಿಗರು ಅವರನ್ನು ನಿಘಂಟುಕಾರರೆಂದು ಗೌರವಿಸುತ್ತಾರೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯೂ ಇದೆ. ಅವರನ್ನು ಕಳುಹಿಸಿದ ಸಂಸ್ಥೆಯು ಅವರನ್ನು ಬಹುಕಾಲ ಹೇಗೆ ಕಂಡಿತೆಂಬುದು ಮಾತ್ರ ನಮ್ಮ ಸಭೆಗಳಲ್ಲಿ ಅಷ್ಟಾಗಿ ತಿಳಿದಿಲ್ಲ.

ಕಿಟ್ಟೆಲರು 1832ರಲ್ಲಿ ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲಂಡಿನಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿದರು. 1850ರಲ್ಲಿ ಬಾಸೆಲಿನ ಮಿಷನ್ ಶಾಲೆಯನ್ನು ಸೇರಿ, 1853ರಲ್ಲಿ ಭಾರತಕ್ಕೆ ಬಂದರು. ಅಲ್ಲಿ ಅವರ ಜೊತೆಗಿದ್ದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ ಮತ್ತು ಕೈಕಸುಬುದಾರರ ಮನೆಗಳಿಂದ ಬಂದವರು. ಹೀಬ್ರೂ, ಗ್ರೀಕ್, ಲತೀನ್ ಭಾಷೆಗಳ ಪಾಠ ಮೊದಲೇ ಆಗಿದ್ದ ಕಿಟ್ಟೆಲರು ಅವರ ನಡುವೆ ಸ್ವಲ್ಪ ಬೇರೆಯಾಗಿಯೇ ಇದ್ದರು.

ಧಾರವಾಡದ ಸೀಮೆಯಲ್ಲಿ ಅವರ ಮೊದಲ ವರ್ಷಗಳು ಕಳೆದವು. ಯೆಹೂದ್ಯರಿಗೆ ಯೆಹೂದ್ಯನಂತಾದೆನೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮಾತನ್ನು ಅವರು ಅಕ್ಷರಶಃ ಗ್ರಹಿಸಿದರು. ಹಿಂದೂಸ್ಥಾನದವರಿಗೆ ಹಿಂದೂಸ್ಥಾನದವನಂತೆ ಆಗಬೇಕೆಂದು ಬಯಸಿದರು. ಬಂಗಲೆಯ ಸುಖವನ್ನು ಬಿಟ್ಟು ಕಾಲ್ನಡಿಗೆಯಲ್ಲಿ ಹಳ್ಳಿಗಳಿಗೆ ಹೋದರು; ಜನರ ಮಾತನ್ನೂ ಆಚಾರವನ್ನೂ ಹತ್ತಿರದಿಂದ ಕಲಿತರು. ಸಹಸೇವಕರಿಗೆ ಇದು ರುಚಿಸಲಿಲ್ಲ, ಬಾಸೆಲಿನ ಸಮಿತಿಗೂ ರುಚಿಸಲಿಲ್ಲ.

ಇಲ್ಲಿ ನಾವು ಸಮಿತಿಯವರಿಗೆ ಅನ್ಯಾಯ ಮಾಡಬಾರದು. ಅವರೇನೂ ಭೋಗಿಗಳಾಗಿರಲಿಲ್ಲ. ಮಿತವ್ಯಯ, ದುಡಿಮೆ, ಕ್ರಮಬದ್ಧ ಜೀವನ, ಇವು ಅವರ ಪಯಟಿಸ್ಟ್ ಭಕ್ತಿಯ ಉಸಿರಾಗಿದ್ದವು. ಕ್ರಿಸ್ತನನ್ನು ಅಂಗೀಕರಿಸಿ ಮನೆಯನ್ನೂ ಜೀವನೋಪಾಯವನ್ನೂ ಕಳೆದುಕೊಂಡವರಿಗಾಗಿ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಕಟ್ಟಿದ್ದು ಇದೇ ಮಿಷನ್. ಅವರಿಗೆ ಸರಳತೆಯೆಂದರೆ ಶಿಸ್ತು. ಒಬ್ಬ ಸೇವಕನು ತನ್ನಷ್ಟಕ್ಕೆ ಹೊಸ ಜೀವನಕ್ರಮವನ್ನು ಹಿಡಿಯುವುದರಲ್ಲಿ ಅವರು ಸರಳತೆಯನ್ನು ಕಾಣಲಿಲ್ಲ, ಸ್ವೇಚ್ಛೆಯನ್ನು ಕಂಡರು. ಒಂದೇ ಗುಣದ ಹೆಸರಿನಲ್ಲಿ ಎರಡು ಪ್ರಾಮಾಣಿಕ ಮನಸ್ಸುಗಳು ಎದುರುಬದುರಾದವು. ಸಭೆಯ ಚರಿತ್ರೆಯಲ್ಲಿ ಇಂಥ ಜಗಳಗಳೇ ಹೆಚ್ಚು ನೋವಿನವು.

ಫಲವೇನೆಂದರೆ, ಅವರನ್ನು ಧಾರವಾಡದಿಂದ ತೆಗೆದು ಬೇರೆ ಬೇರೆ ಸ್ಥಾನಗಳಿಗೆ ಹಾಕಲಾಯಿತು. ಮಂಗಳೂರಿನಲ್ಲಿ ಪಾಠ ಹೇಳುವುದು, ಮುದ್ರಣಾಲಯದ ಬರವಣಿಗೆ ನೋಡುವುದು ಮುಂತಾದವು ಪಾಲಿಗೆ ಬಂದವು. ಅವರ ಸಾರೋಣದಿಂದ ಕ್ರೈಸ್ತರಾದವರ ಸಂಖ್ಯೆಯನ್ನು ನೋಡಿದವರಿಗೆ ಅವರು ಸೋತ ಮಿಷನರಿಯೇ. ಮನೆಯಲ್ಲಿಯೂ ದುಃಖ ಬಂತು. 1860ರಲ್ಲಿ ಮದುವೆಯಾದ ಪೌಲೀನೆ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಆಮೇಲೆ ಆಕೆಯ ತಂಗಿಯನ್ನು ಅವರು ವಿವಾಹವಾದರು.

ಬದಿಗೆ ಸರಿಸಿದ ಆ ಮೂಲೆಯಲ್ಲಿಯೇ ಅವರ ಕೆಲಸ ಬೆಳೆಯಿತು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ' ಬಂತು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ ಛಂದೋಗ್ರಂಥ ಅವರ ಸಂಪಾದನೆಯಲ್ಲಿ ಅಚ್ಚಾದವು. ಜೈನ ಕವಿಗಳ ವ್ಯಾಕರಣ, ಛಂದಸ್ಸುಗಳನ್ನು ಲುಥೆರನ ಭಕ್ತಿಸಂಪ್ರದಾಯದ ಒಬ್ಬ ಬೋಧಕನು ಅಕ್ಷರ ಅಕ್ಷರವಾಗಿ ಪರಿಷ್ಕರಿಸುತ್ತ ಕುಳಿತನೆಂಬುದು ಚಿಂತಿಸತಕ್ಕ ಸಂಗತಿ. ಅದೇ 1872ರಲ್ಲಿ ಅವರು ಯಜ್ಞವಿಷಯಕವಾದ ಕಿರುಗ್ರಂಥವನ್ನೂ ಪ್ರಕಟಿಸಿದರು. ಪಾಂಡಿತ್ಯದ ಆಸೆಯಿಂದ ಅವರು ಸುವಾರ್ತೆಯನ್ನು ಮರೆತರೆಂದು ಹೇಳುವವರು ಇದನ್ನು ಗಮನಿಸಿಲ್ಲ.

ನಿಘಂಟಿನ ಕೆಲಸ ಸುಮಾರು ಎರಡು ದಶಕಗಳನ್ನು ತೆಗೆದುಕೊಂಡಿತು. 1877ರಲ್ಲಿ ಜರ್ಮನಿಗೆ ಮರಳಿದ್ದ ಕಿಟ್ಟೆಲರು ಈ ಕೆಲಸಕ್ಕಾಗಿ 1883ರಲ್ಲಿ, ತಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ, ಮತ್ತೆ ಕನ್ನಡನಾಡಿಗೆ ಬಂದು 1892ರ ತನಕ ಇದ್ದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1,700ಕ್ಕೂ ಹೆಚ್ಚು ಪುಟಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಅದನ್ನು ತೆರೆದು ನೋಡಿದವರಿಗೆ ಗೊತ್ತು: ಹಳಗನ್ನಡ ಕಾವ್ಯದ ಶಬ್ದದ ಪಕ್ಕದಲ್ಲಿಯೇ ಮನೆಮಾತಿನ ಶಬ್ದವಿದೆ, ತುಳು, ತಮಿಳು, ಮಲಯಾಳ, ತೆಲುಗುಗಳ ಸಂಬಂಧವಿದೆ, ಗಾದೆಗಳು ಧಾರಾಳವಾಗಿವೆ. ಹೊಲದವರೂ ಅಂಗಡಿಯವರೂ ಅಜ್ಜಿಯರೂ ಆಡುವ ಮಾತು ಕವಿಯ ಮಾತಿನಷ್ಟೇ ಮರ್ಯಾದೆಯಿಂದ ಅಲ್ಲಿ ಕುಳಿತಿದೆ. ಧಾರವಾಡದ ಹಳ್ಳಿಗಳಲ್ಲಿ ನಡೆದಾಡಿದ ಆ ದಿನಗಳು ವ್ಯರ್ಥವಾಗಲಿಲ್ಲವೆಂದು ನಾವು ನಂಬುತ್ತೇವೆ.

ಪರ್ವತಪ್ರಸಂಗದಲ್ಲಿ ದೇಹಕ್ಕೆ ದೀಪವಾದ ಕಣ್ಣಿನ ಕುರಿತು ಕರ್ತನು ಆಡಿದ ಮಾತಿನಲ್ಲಿ ಗ್ರೀಕ್ ಮೂಲವು 'ಹಾಪ್ಲೂಸ್' ಎಂಬ ಪದವನ್ನು ಬಳಸುತ್ತದೆ. ಒಂದೇ ಮಡಿಕೆಯದು, ಎರಡಾಗಿ ಒಡೆಯದ್ದು, ಸರಳವಾದದ್ದು ಎಂಬುದು ಅದರ ಮೂಲಾರ್ಥ. ಮುಂದಿನ ವಚನಗಳಲ್ಲಿಯೇ ಇಬ್ಬರು ಯಜಮಾನರ ಮಾತು ಬರುವುದು ಆಕಸ್ಮಿಕವಲ್ಲ. ತರುಣ ಕಿಟ್ಟೆಲರು ಹುಡುಕಿದ ಸರಳತೆ ಊಟ, ವಸತಿ, ಪ್ರಯಾಣಗಳಲ್ಲಿತ್ತು. ಅದು ಅವರಿಗೆ ಪೂರ್ಣವಾಗಿ ದಕ್ಕಲಿಲ್ಲ. ವೃದ್ಧ ಕಿಟ್ಟೆಲರಿಗೆ ದಕ್ಕಿದ್ದು ಇನ್ನೊಂದು ಬಗೆಯದು: ಒಂದೇ ಕೆಲಸಕ್ಕೆ ಇಡೀ ದೃಷ್ಟಿಯನ್ನು ಒಪ್ಪಿಸುವ ಸರಳತೆ. ಮೊದಲನೆಯದಿಲ್ಲದೆ ಎರಡನೆಯದು ಬರುತ್ತಿತ್ತೇ? ಬರುತ್ತಿರಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಸಾಮ್ಯದಲ್ಲಿ ತಲಾಂತನ್ನು ಹೂತಿಟ್ಟವನು ಆಳು. ಇಲ್ಲಿಯಾದರೋ ಆಳಿನ ತಲಾಂತನ್ನು ಹೂತಿಡುವ ಹಂತಕ್ಕೆ ಬಂದದ್ದು ಮನೆಯವರೇ, ಅದೂ ಸದುದ್ದೇಶದಿಂದ. ಅಭ್ಯರ್ಥಿಗಳನ್ನು ಪರೀಕ್ಷಿಸಿ ಸೇವೆಗೆ ನೇಮಿಸುವ ಜವಾಬ್ದಾರಿ ಇರುವ ನಮಗೆ ಈ ಭಾಗ ಸುಖದ ಓದಲ್ಲ. 2006ರಲ್ಲಿ ರೈನ್‌ಹಾರ್ಟ್ ವೆಂಡ್ಟ್ ಅವರ ಸಂಪಾದಕತ್ವದಲ್ಲಿ ಬಂದ ಪ್ರಬಂಧಸಂಕಲನವು ಕಿಟ್ಟೆಲರ ಜೀವನವನ್ನು ಆರಂಭದ ಸೋಲು ಮತ್ತು ಮರಣಾನಂತರದ ಗೆಲುವು ಎಂದು ಹೆಸರಿಸುತ್ತದೆ. ಗೆಲುವು ತಡವಾಯಿತೆಂಬುದು ನಿಜ. ಆದರೆ ಸೋಲೆಂದು ಬರೆದ ಲೆಕ್ಕದ ಪುಸ್ತಕ ಯಾರದೆಂದು ಕೇಳಲೇಬೇಕಾಗುತ್ತದೆ.

ಇನ್ನೊಂದು ಮಾತು ಉಳಿದಿದೆ. ಆ ನಿಘಂಟು ಒಬ್ಬರಿಂದಾದದ್ದಲ್ಲ. ಹಸ್ತಪ್ರತಿಗಳನ್ನು ಓದಿ ಅರ್ಥ ಹೇಳಿದ ಪಂಡಿತರು, ಸಂದೇಹ ಬಿಡಿಸಿದ ಮುನ್ಶಿಗಳು, ಅಚ್ಚುಮೊಳೆ ಜೋಡಿಸಿದ ಮಂಗಳೂರಿನ ಕೆಲಸಗಾರರು ಇವರೆಲ್ಲರ ವರಗಳೂ ಅದರಲ್ಲಿ ಸೇರಿವೆ. ದೇಹ ಒಂದು, ಅಂಗಗಳು ಅನೇಕವೆಂದು ನಾವು ಬೋಧಿಸುವುದು ಸುವಾರ್ತಾಸಭೆಯ ಕುರಿತಾದರೂ, ಈ ಅಂಗಗಳಲ್ಲಿ ಅನೇಕರು ಸಭೆಯ ಹೊರಗಿನವರು. ಅವರಿಂದ ಪಡೆದದ್ದಕ್ಕೆ ನಮ್ಮ ದೇವಶಾಸ್ತ್ರದಲ್ಲಿ ಸ್ಥಾನವೆಲ್ಲಿ ಎಂಬುದನ್ನು ಯಾರಾದರೂ ವಿದ್ಯಾರ್ಥಿಗಳು ಕೈಗೆತ್ತಿಕೊಂಡರೆ ಒಳ್ಳೆಯದು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಕಿಟ್ಟೆಲರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಕನ್ನಡ ವ್ಯಾಕರಣವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ದಶಂಬರದಲ್ಲಿ ಅವರು ಟ್ಯೂಬಿಂಗೆನಿನಲ್ಲಿ ನಿಧನರಾದರು.