ಆಯಿ ಹೇಳಿದ ಮೂರನೇ ಮೆಟ್ಟಲು

ಅಣ್ಣ ದೇವಸುಗೂರಾಗ ಹೊಳಿ ಕಡೆ ಇರೋ ನಮ್ಮ ಹಳೇ ಜಾಗದಾಗ ಹೊಸ ಮನಿ ಕಟ್ಟಸ್ತೀನಿ ಅಂತ ಪಾಯಾ ತೆಗಸಾಕ ಹತ್ತಿದ ದಿನದಿಂದ ನಮ್ಮನ್ಯಾಗ ಒಂದ ಜಗಳ. ಪಾಯಾ ಎಷ್ಟು ಎತ್ತರ ಇರಬೇಕು? ಅಣ್ಣ ಅಂತಾನ, ಎರಡು ಫೂಟು ಸಾಕು, ಮ್ಯಾಲ ನಾರಾಯಣಪುರ, ಆಲಮಟ್ಟಿ ಡ್ಯಾಂ ಆಗ್ಯಾವ, ಇನ್ನ ಹೊಳಿ ಎಲ್ಲಿ ಬರ್ತೈತಿ. ವೈನಿ ಅಂತಾರ, ಮಕ್ಕಳನ್ನ ಕಟಗೊಂಡು ಮಲಗೋಳು ನಾನು, ನನಗ ಧೈರ್ಯ ಸಾಲಂಗಿಲ್ಲ. 2019ರ ಆಗಸ್ಟ್‌ನಾಗ ದೇವದುರ್ಗದ ಕಡೆ ಹೂವಿನಹೆಡಗಿ ಬ್ರಿಜ್ಜು ನೀರಾಗ ಮುಳುಗಿದ್ದು ನಾವೆಲ್ಲಾ ಟೀವ್ಯಾಗ ನೋಡೀವಿ. ಡ್ಯಾಂ ಇದ್ದಾಗ್ಲೇ ಅಲ್ಲೇನ್ರಿ ಅದು ಆಗಿದ್ದು?

ಕಡೀಕ ಆಯಿನ್ನ ಕೇಳಿದ್ವಿ. ಆಕಿ ಎಲಿ ಅಡಿಕಿ ಕುಟಗೊಂತ ಹೇಳಿದ್ಲು: "ನಾ ಸೊಸಿ ಆಗಿ ಬಂದ ಮ್ಯಾಲ ಒಮ್ಮೆ ಕೃಷ್ಣವ್ವ ನಮ್ಮನಿ ಮೂರನೇ ಮೆಟ್ಟಲ ತನಕ ಬಂದಿದ್ಲು."

ಆತಲ್ಲ ಅಂದ್ವಿ. ಮೆಟ್ಟಲ ಎಣಿಸಾಕ ಹೋದ್ರ ಇರೋವು ನಾಕ. ಆಯಿ ಕಾಲದಾಗ ಏಳು ಇದ್ವಂತ. ರೋಡು ಮಾಡಿದಾಗೆಲ್ಲಾ ಮಣ್ಣು ಹಾಕಿ ಎತ್ತರ ಮಾಡಿ ಕೆಳಗಿನ ಮೆಟ್ಟಲ ಹೂತು ಹೋಗ್ಯಾವ. ಮ್ಯಾಲ ನಾವೂ ಶಹಾಬಾದ ಫರಸಿ ಹಾಸಿ ಮನಿ ನೆಲ ಎತ್ತರ ಮಾಡೀವಿ. ಹಂಗಾದ್ರ ಮೂರನೇದು ಅಂದ್ರ ಯಾವುದು? ಕೆಳಗಿಂದ ಎಣಿಸಬೇಕೋ, ಮ್ಯಾಲಿಂದ ಎಣಿಸಬೇಕೋ? ಆಯಿ ಸುಳ್ಳು ಹೇಳಿಲ್ಲ, ನೀರೂ ಸುಳ್ಳು ಹೇಳಿಲ್ಲ. ಅಳತಿ ಎಲ್ಲಿಂದ ಸುರು ಮಾಡಿದ್ವಿ ಅನ್ನೋದ ಕಳದು ಹೋಗೈತಿ.

ಇದ ತಲ್ಯಾಗ ಇಟಗೊಂಡು ಕುಂತಾಗ ಸಣ್ಣ ಮಗಳು ಇನ್ನೊಂದು ಕೇಳಿದ್ಲು. ರಾಯಚೂರು ಟೇಸನ್‌ದಾಗ ಹಳದಿ ಬೋರ್ಡಿನ ತಳಕ್ಕ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅಂತ ಬರದಿರ್ತಾರಲ್ಲ, ಯಾವ ಸಮುದ್ರರಿ ಅದು? ನಮ್ಮ ಹೊಳಿ ಹುಟ್ಟೋದು ಮಹಾಬಳೇಶ್ವರದಾಗ, ಅರಬ್ಬಿ ಸಮುದ್ರದ ಬಗಲಾಗ. ಹೋಗಿ ಕೂಡೋದು ಬಂಗಾಳ ಕೊಲ್ಲಿ. ದೇವಸುಗೂರಾಗ ಕೇಂದ್ರ ಜಲ ಆಯೋಗದವ್ರು ಹೊಳಿ ಮಟ್ಟ ಬರಕೊಳ್ತಾರ, ಅದೂ ಸಮುದ್ರ ಮಟ್ಟದಿಂದ 300 ಮೀಟರಿನ ಮ್ಯಾಲ ಇಷ್ಟು ಅಂತನ ಇರ್ತೈತಿ. ಸಮುದ್ರ ಅಂತೂ ದಿನಾ ಎರಡು ಸಲ ಏರ್ತೈತಿ, ಎರಡು ಸಲ ಇಳೀತೈತಿ. ನಿಲ್ಲದ ನೀರಿನಿಂದ ನಮ್ಮೂರು ಹೆಂಗ ಅಳದ್ರು?

ಹುಡುಕಿ ಓದಿದ್ನಿ. ಆ ಸಮುದ್ರದಾಗ ನಮ್ಮ ಕಾರವಾರದ್ದೂ ಪಾಲು ಐತಿ ನೋಡ್ರಿ.

ಬ್ರಿಟಿಷರ ಕಾಲದಾಗ ಸರ್ವೇ ಆಫ್ ಇಂಡಿಯಾದವ್ರು ದೇಶ ಪೂರಾ ಎತ್ತರ ಅಳ್ಯಾಕ ಹೊರಟಾಗ ಅವರಿಗೆ ಒಂದು ಸೊನ್ನಿ ಬೇಕಾಗಿತ್ತು. ಮೊದಲ ಬೇರ್ಡ್ ಅನ್ನೋ ಮಿಲಿಟ್ರಿ ಇಂಜಿನಿಯರ್ 1873-74ರ ಸುಮಾರಿಗೆ ಕಛ್ ಖಾರಿಯೊಳಗ ಅಳತಿ ಯಂತ್ರ ಕುಂದರಿಸಿದ. ಯಾಕ ಅಲ್ಲೇ ಅಂದ್ರ, 1819ರ ಭೂಕಂಪದಾಗ ಆ ಕಡೆ ನೆಲ ಎದ್ದು ಒಂದು ಉದ್ದನೆ ದಿಬ್ಬ ಆಗಿತ್ತು. ಮಂದಿ ಅದಕ್ಕ ಅಲ್ಲಾ ಬಂದ್ ಅಂತ ಕರದ್ರು, ದೇವರ ಕಟ್ಟಿದ ಕಟ್ಟಿ ಅಂತ. ಅಲ್ಲಿ ನೆಲ ಇನ್ನೂ ಏಳಾಕ ಹತ್ತೈತೋ, ಕುಸ್ಯಾಕ ಹತ್ತೈತೋ ನೋಡಬೇಕು ಅನ್ನೋದು ಅವರ ಕೆಲಸ. ಅಂದ್ರ ಮೊದಲಿಂದನ ಪ್ರಶ್ನೆ ಬರೇ ನೀರಿಂದಲ್ಲ, ಮೆಟ್ಟಲದ್ದೂ ಇತ್ತು.

ಆಮ್ಯಾಲ 1878ರ ಹೊತ್ತಿಗೆ ಮುಂಬೈದ ಅಪೋಲೋ ಬಂದರ್, ಕಾರವಾರ, ಬೇಪೂರ, ಹಿಂಗ ದಂಡಿ ಗುಂಟ ಯಂತ್ರ ಕುಂದರಿಸಿಕೊಂತ ಬಂದ್ರು. ಯಂತ್ರ ಅಂದ್ರ ದೊಡ್ಡದೇನಿಲ್ಲ. ದಂಡಿಗೆ ಒಂದು ಬಾವಿಯಂಗ ಕೊಳವಿ, ಅದರ ತಳಕ್ಕ ಸಣ್ಣ ತೂತು. ತೂತಿನಾಗಿಂದ ನೀರು ನಿಧಾನಕ್ಕ ಒಳಗ ಬರ್ತೈತಿ, ಹಂಗಾಗಿ ಹೊರಗ ಎಷ್ಟ ತೆರಿ ಹೊಡೀಲಿ, ಒಳಗ ನೀರು ಕೊಡದಾಗ ನಿಂತಂಗ ತಣ್ಣಗ ಇರ್ತೈತಿ. ನೀರಿನ ಮ್ಯಾಲ ತೇಲೋ ಡಬ್ಬಿ, ಡಬ್ಬಿಗೆ ತಂತಿ, ತಂತಿಗೆ ಪೆನ್ಸಿಲ್. ಗಡಿಯಾರದ ಕೀಲಿ ಕೊಟ್ಟ ಉರುಳಿ ಮ್ಯಾಲ ಕಾಗದ ಸುತ್ತಿರ್ತಾರ. ನೀರು ಏರಿದಂಗ ಪೆನ್ಸಿಲ್ ಏರ್ತೈತಿ, ಹಗಲೂ ರಾತ್ರಿ ಗೆರಿ ಬೀಳ್ತೈತಿ.

ಆ ಗೆರಿಯೊಳಗ ಏನೇನ ಸಿಕ್ಕಾವ ಅಂತೀರಿ. 1881ರ ಡಿಸೆಂಬರ್ 31ಕ್ಕ ಕಾರ್ ನಿಕೋಬಾರ ಕಡೆ ಸಮುದ್ರದಾಗ ಭೂಕಂಪ ಆತು. ಬಂಗಾಳ ಕೊಲ್ಲಿ ಸುತ್ತಿನ ಯಂತ್ರದೊಳಗ ಸಣ್ಣ ಸುನಾಮಿ ಗೆರಿ ಬಿತ್ತು, ನೂರು ವರ್ಷ ದಾಟಿದ ಮ್ಯಾಲ ಅದನ್ನ ತೆಗದು ಭೂಕಂಪ ಎಷ್ಟು ದೊಡ್ಡದು ಅಂತ ಲೆಕ್ಕಾ ಹಾಕ್ಯಾರ. 1883ರ ಆಗಸ್ಟ್‌ನಾಗ ಕ್ರಕಟೋವಾ ಜ್ವಾಲಾಮುಖಿ ಸಿಡದಾಗ್ಲೂ ನಮ್ಮ ದೇಶದ ಕಾಗದದ ಮ್ಯಾಲ ಗೆರಿ ನಡುಗಿತ್ತು. ಆವತ್ತು ಕಾಗದ ಬದಲಿ ಮಾಡಿದವ್ರ ಹೆಸರು ಯಾರಿಗೂ ನೆನಪಿಲ್ಲ. ಕೆಲಸ ಮಾತ್ರ ಉಳದೈತಿ. ಮನಿ ಹೆಣಮಕ್ಕಳ ಕೆಲಸದಂಗ ಅನಸ್ತು ನನಗ.

1909ರಾಗ ಕರಾಚಿ, ಮುಂಬೈ, ಕಾರವಾರ, ಬೇಪೂರ, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್, ಈ ಒಂಬತ್ತು ಊರಿನ ಸರಾಸರಿ ಸಮುದ್ರ ಮಟ್ಟವನ್ನ ಸೊನ್ನಿ ಅಂತ ಹಿಡದು ದೇಶದ ಎತ್ತರ ಗಟ್ಟಿ ಮಾಡಿದ್ರು. ಅಲ್ಲಿಂದ ಕಲ್ಲಿಗೆ ಕಲ್ಲು ಮಟ್ಟ ತಗೊಂತ ಒಳನಾಡಿಗೆ ಬಂದ್ರು. 1871ರಾಗ ಮುಂಬೈ ಕಡೆ ರೈಲೂ ಮದ್ರಾಸ ಕಡೆ ರೈಲೂ ನಮ್ಮ ರಾಯಚೂರಾಗ ಬಂದು ಕೂಡಿದ್ವು ಅಂತ ಸಾಲ್ಯಾಗ ಓದೀವಲ್ಲ, ಎತ್ತರದ ಲೆಕ್ಕಾದಾಗೂ ಹಂಗ, ಎರಡೂ ಕಡಲು ಕೂಡೇ ಬಂದಾವ. ಮಗಳಿಗೆ ಹೇಳಿದ್ನಿ, ಯಾವ ಸಮುದ್ರ ಅಂದ್ರ ಒಂದಲ್ಲವಾ, ಒಂಬತ್ತು ಊರಿನ ಸಮುದ್ರ ಅಂತ.

ಈ ಲೆಕ್ಕಾ ಎಲ್ಲಾ ಈಗ ಕುಂತಲ್ಲೇ ಫೋನ್‌ದಾಗ ನೋಡಬಹುದು. ಇಂಗ್ಲೆಂಡಿನ ಲಿವರ್‌ಪೂಲ್‌ದಾಗ ಪಿಎಸ್‌ಎಂಎಸ್‌ಎಲ್ ಅಂತ ಒಂದು ಸಂಸ್ಥಾ ಐತಿ, 1933ರಾಗ ಸುರುವಾಗಿದ್ದು. ಜಗತ್ತಿನ ಬಂದರದ ಲೆಕ್ಕಾ ಅಲ್ಲಿ ಕೂಡಿಸಿ ಇಟ್ಟಾರ, ರೊಕ್ಕ ಕೊಡೋದಿಲ್ಲ. ಊರ ಹೆಸರು ಒತ್ತಿದ್ರ ತಿಂಗಳ ಸರಾಸರಿ, ವರ್ಷದ ಸರಾಸರಿ ಸಾಲಾಗಿ ಬರ್ತಾವ. ಮುಂಬೈದ್ದು 1878ರಿಂದ ಐತಿ. ಮೊದಲ ಸಲ ತೆಗದಾಗ ಎಲ್ಲಾ ಕಡೆ 7000ದ ಆಜೂಬಾಜೂ ಅಂಕಿ ನೋಡಿ, ಮುಂಬೈದಾಗ ಏಳು ಮೀಟರ್ ನೀರು ಏರೈತೇನೋ ಅಂತ ಗಾಬರಿ ಆಗಿದ್ನಿ. ಹಂಗಲ್ಲ. ಅಂಕಿ ಮಿಲಿಮೀಟರ್‌ದಾಗ ಇರ್ತಾವ, ಮೈನಸ್ ಬರಬಾರದು ಅಂತ ಸೊನ್ನಿನ್ನ ಸರಾಸರಿ ನೀರಿಗಿಂತ ಸುಮಾರು ಏಳು ಮೀಟರ್ ಕೆಳಗ ಇಟ್ಟಾರ. ಮೈನಸ್ 99999 ಅಂತ ಕಂಡ್ರ ಸಮುದ್ರ ಬತ್ತಿ ಹೋಗೈತಿ ಅಂತಲ್ಲ, ಆ ತಿಂಗಳ ಲೆಕ್ಕಾ ಸಿಕ್ಕಿಲ್ಲ ಅಂತ.

ಅಲ್ಲಿ ಎರಡು ನಮೂನಿ ಲೆಕ್ಕಾ ಅದಾವ. ಒಂದು, ಬಂದರದವ್ರು ಕೊಟ್ಟಿದ್ದು ಕೊಟ್ಟಂಗ. ಇನ್ನೊಂದು, ದಂಡಿಯ ಗಟ್ಟಿ ಕಲ್ಲಿನ ಗುರುತಿಗೆ ಕಟ್ಟಿ ಹಾಕಿದ್ದು. ಯಂತ್ರ ಕೆಡ್ತೈತಿ, ಧಕ್ಕಿ ಕಟ್ಟಿ ಬದಲಿ ಮಾಡ್ತಾರ, ಅಳತಿಪಟ್ಟಿ ಜಾಗಾ ಸರಸ್ತಾರ. ಕಲ್ಲಿನ ಗುರುತಿದ್ರ ಹಳೇದನ್ನೂ ಹೊಸಾದನ್ನೂ ಒಂದಕ್ಕೊಂದು ಕೂಡಿಸಬಹುದು. ಇಲ್ಲಂದ್ರ ನಮ್ಮ ಆಯಿ ಮೆಟ್ಟಲದ ಗತಿ. ನೂರು ವರ್ಷದ ಏರು ನೋಡಬೇಕಂದ್ರ ಈ ಎರಡನೇದ್ದನ್ನ ನೋಡಬೇಕು. ಅದೂ ಹತ್ತು ವರ್ಷದ್ದು ನೋಡಿ ಹೌಹಾರಬಾರದು. ಚಂದ್ರನ ಒಂದು ಸುತ್ತಿಗೇ ಹದಿನೆಂಟೂವರಿ ವರ್ಷ ಹಿಡೀತೈತಿ, ಮಳಿ ಗಾಳಿದ್ದು ಬ್ಯಾರೆ. ಐವತ್ತು ಅರವತ್ತು ವರ್ಷ ಕೂಡಿದ್ರ ಮಾತು ನಂಬಬಹುದು.

ನೆಲದ ಆಟಾನೂ ನೋಡ್ರಿ. ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಲೆಕ್ಕಾ 1774ರಿಂದ ಐತಿ, ಅಲ್ಲಿ ಸಮುದ್ರ ಇಳಕೊಂತ ಹೊಂಟಂಗ ಕಾಣ್ತೈತಿ. ಇಳದಿದ್ದು ಸಮುದ್ರಲ್ಲ, ಹಿಂದಕ್ಕ ಅಲ್ಲಿ ಇದ್ದ ಭಾರೀ ಬರ್ಫ ಕರಗಿ ನೆಲ ಮ್ಯಾಲೇಳಾಕ ಹತ್ತೈತಿ. ಜಗತ್ತಿಂದೆಲ್ಲಾ ಕೂಡಿಸಿ ಲೆಕ್ಕಾ ಹಾಕಿದ್ರ 1901ರಿಂದ 2018ರ ತನಕ ಸಮುದ್ರ ಸುಮಾರು 20 ಸೆಂಟಿಮೀಟರ್ ಏರೈತಿ. ಒಂದು ಗೇಣಷ್ಟು. ಒಂದು ಗೇಣು ತಿಳ್ಯಾಕ ಎಷ್ಟು ಮಂದಿ ಎಷ್ಟು ವರ್ಷ ಗೆರಿ ಕಾಯ್ದಾರ!

ಇಷ್ಟು ಓದಿದ ಮ್ಯಾಲ ನಾ ಆಯಿ ಹಂತ್ಯಾಕ ಹೋಗಿ ಬ್ಯಾರೆ ಕೇಳಿದ್ನಿ: "ಆಯಿ, ಮೆಟ್ಟಲ ಬಿಡು. ಆವತ್ತು ನೀರು ಇನ್ನ ಎಲ್ಲಿ ಹತ್ತಿತ್ತು?" ಆಕಿ ಕುಟ್ಟೋದು ನಿಲ್ಲಿಸಿದ್ಲು. "ಬಾವಿ ಕಟ್ಟಿಗೆ ಹತ್ತಿತ್ತು ನೋಡು. ಕಟ್ಟಿ ಮುಳುಗಲಿಲ್ಲ. ಕಟ್ಟಿ ಮ್ಯಾಲ ಕೊಡ ಇಟ್ಟಿದ್ನಿ, ಬಗ್ಗದ ನೀರು ತುಂಬಕೊಂಡ್ನಿ" ಅಂದ್ಲು. ಬೇವಿನ ಗಿಡದ ಬಾವಿ! ಅದರ ಕಲ್ಲಿನ ಕಟ್ಟಿನ್ನ ಇವತ್ತಿನ ತನಕ ಯಾರೂ ಮುಟ್ಟಿಲ್ಲ.

ಮರುದಿನ ಗೌಂಡಿ ಬಂದ. ಬಿಳೇ ಪೈಪಿನಾಗ ನೀರು ತುಂಬಿಸಿ ಒಂದು ತುದಿ ಬಾವಿ ಕಟ್ಟಿ ಅಂಚಿಗೆ ನಾನು ಹಿಡದ್ನಿ, ಇನ್ನೊಂದು ತುದಿ ಆಂವ ಪಾಯಾದ ಗೂಟಕ್ಕ ಹಿಡದ. ಪೈಪು ಸಾಲಲಿಲ್ಲ, ನಡುವ ಎರಡು ಕಡೆ ಗೂಟ ಬಡದು ಮಟ್ಟ ದಾಟಿಸಿದ್ವಿ. ಕಾರವಾರದಿಂದ ಹಿಂಗ ಬಂದಾರಲ್ಲ ಅಂತ ನಕ್ಕೊಂಡ್ನಿ. ಅಣ್ಣ ಹಾಕಿದ್ದ ಎರಡು ಫೂಟಿನ ಗುರುತಿಗಿಂತ ಬಾವಿ ಕಟ್ಟಿ ಒಂದೂವರಿ ಫೂಟು ಮ್ಯಾಲ ಬಂತು.

ಅಣ್ಣ ಬಾಳೊತ್ತು ಮಾತಾಡಲಿಲ್ಲ. ಮೂರು ಸಲ ಅಳಸಿದ. ವೈನಿ ಬಾಗಲ್ದಾಗ ನಿಂತು ನೋಡಾಕತ್ತಿದ್ರು, ಒಂದ ಮಾತು ಅನಲಿಲ್ಲ. ಸಂಜಿ ಮುಂದ ಆಂವ ಫೋನ್ ಹಚ್ಚಿ ಇನ್ನ ಆರು ಟ್ರ್ಯಾಕ್ಟರ್ ಮೊರಂ ಹೇಳಿದ. ಗೌಂಡಿ ಹೋಗೋಕಿಂತ ಮೊದಲ ಬಾವಿ ಕಟ್ಟಿ ಮ್ಯಾಲ ಉಳಿಯಿಂದ ಒಂದು ಗೆರಿ ಹೊಡಸೀವಿ, ಬಣ್ಣದ್ದಲ್ಲ, ಕೆತ್ತಿದ್ದು. ಹೊಸ ಮನಿ ನೆಲ ಆ ಗೆರಿಗಿಂತ ಎಷ್ಟು ಮ್ಯಾಲ ಅಂತ ಲೆಕ್ಕದ ಪುಸ್ತಕದ ಮೊದಲ ಹಾಳ್ಯಾಗ ಬರದ ಇಟ್ಟೀನಿ.