ಹೆಸರೂ ನೆಲೆಯೂ

ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಅಂದಿನ ಧಾರವಾಡ ಜಿಲ್ಲೆಯಲ್ಲಿ ಕೋಡ ಎಂಬ ಹೆಸರಿನ ತಾಲ್ಲೂಕೊಂದಿದ್ದಿತು. ಕೋಡವೆಂಬ ಊರೂ ಆ ಸೀಮೆಯಲ್ಲಿಯೇ ಇದ್ದಿತು, ಇಂದಿಗೂ ಇದೆ. ಆದರೆ ತಾಲ್ಲೂಕಿನ ಕಚೇರಿಯಿದ್ದುದು ಮಾತ್ರ ಹಿರೇಕೆರೂರಿನಲ್ಲಿ. ಕಾಗದದಲ್ಲಿ ಕೋಡ ತಾಲ್ಲೂಕೆಂದು ಓದಿಕೊಂಡು ಕಂದಾಯದ ಕೆಲಸಕ್ಕಾಗಿ ಹೊರಟ ಪರಸ್ಥಳದವನು ನೇರವಾಗಿ ಕೋಡಕ್ಕೇ ಹೋಗಿದ್ದರೆ ಅಲ್ಲಿ ಮಾಮಲೇದಾರನ ಕಚೇರಿ ಅವನಿಗೆ ಸಿಕ್ಕುತ್ತಿರಲಿಲ್ಲ; ಹೆಸರು ಇದು, ನೆಲೆ ಅದು ಎಂದು ತಿಳಿಸುವ ಬಲ್ಲವನೊಬ್ಬನು ದಾರಿಯಲ್ಲಿ ದೊರೆಯಬೇಕಾಗಿದ್ದಿತು. ಹೆಸರೂ ನೆಲೆಯೂ ಬೇರೆ ಬೇರೆ, ಅವೆರಡನ್ನು ಕೂಡಿಸಿ ಹೇಳುವ ಬಲ್ಲವನಿಲ್ಲದೆ ವ್ಯವಹಾರ ಸಾಗದು ಎಂಬ ಈ ಹಳೆಯ ತಿಳಿವಳಿಕೆಯ ಮೇಲೆಯೇ ಇಂದಿನ ಅಂತರಜಾಲವೂ ನಿಂತಿದೆ.

ಈ ನಾಡಿನವರು ಸ್ಥಳನಿರ್ದೇಶದ ಕ್ರಮವನ್ನು ಬಹು ಹಿಂದೆಯೇ ಬಲ್ಲವರಾಗಿದ್ದರು. ಹಾನಗಲ್ಲು, ಬಳ್ಳಿಗಾವೆ, ಬನವಾಸಿಗಳ ಸುತ್ತಣ ಶಾಸನಗಳನ್ನು ಓದಿದವರಿಗೆ ಬನವಾಸಿ ಪನ್ನಿರ್ಚ್ಛಾಸಿರ, ಪಾನುಂಗಲ್ಲು ಅಯ್ನೂರು, ನಾಗರಖಂಡ ಎಪ್ಪತ್ತು ಎಂಬ ಹೆಸರುಗಳು ಪರಿಚಿತವಾದವು. ಚಕ್ರವರ್ತಿಯ ರಾಜ್ಯಾಭ್ಯುದಯದಿಂದ ಮೊದಲುಗೊಂಡು, ಮಹಾಮಂಡಲೇಶ್ವರನು ಆಳುವ ನಾಡಿಗೆ ಇಳಿದು, ಅದರೊಳಗಣ ಕಂಪಣವನ್ನು ಹೇಳಿ, ಕಟ್ಟಕಡೆಗೆ ದತ್ತಿ ಪಡೆದ ಊರನ್ನೂ ಕೆರೆಯ ಕೆಳಗಣ ಗದ್ದೆಯನ್ನೂ ಹೆಸರಿಸುವುದು ಶಾಸನಕಾರನ ರೂಢಿ. ಅಂಚೆಯ ಲಕೋಟೆಯ ಮೇಲೆ ನಾವು ಬರೆಯುವ ಕ್ರಮ ಇದಕ್ಕೆ ತೀರ ವಿಲೋಮವಾದುದು: ಮೊದಲು ಆಳು, ಬಳಿಕ ಓಣಿ, ಬಳಿಕ ಊರು, ಕಡೆಗೆ ಜಿಲ್ಲೆ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡು ಶಾಸನದ ಕ್ರಮವನ್ನೇ ಅಂಕೆಗಳಲ್ಲಿ ಮರಳಿ ತಂದಿತು. ಹಿರೇಕೆರೂರಿನ 581111ರಲ್ಲಿ ಮೊದಲಂಕೆ ದೊಡ್ಡ ವಲಯವನ್ನೂ ಮೊದಲ ಮೂರು ಕೂಡಿ ಕಾಗದ ವಿಂಗಡಿಸುವ ಜಿಲ್ಲೆಯನ್ನೂ ಉಳಿದ ಮೂರು ಅಂಚೆಮನೆಯನ್ನೂ ಸೂಚಿಸುತ್ತವೆ.

ಅಂತರಜಾಲದ ಕಥೆಯೂ ಒಂದು ಪಟ್ಟಿಯಿಂದಲೇ ಆರಂಭವಾಯಿತು. ಅದರ ಪೂರ್ವರೂಪವಾದ ಅರ್ಪಾನೆಟ್ಟಿನಲ್ಲಿ ಪ್ರತಿಯೊಂದು ಗಣಕಕ್ಕೂ ಸಂಖ್ಯೆಯೊಂದಿದ್ದಿತು; ಸಂಖ್ಯೆಗಳು ಮನುಷ್ಯನ ನೆನಪಿಗೆ ಒಗ್ಗವಾದುದರಿಂದ ಅವುಗಳಿಗೆ ಹೆಸರನ್ನಿಟ್ಟು, ಆ ಹೆಸರುಗಳನ್ನೂ ಸಂಖ್ಯೆಗಳನ್ನೂ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ಮೇಲ್ವಿಚಾರಣೆಯಲ್ಲಿದ್ದ ಆ ಕಡತವನ್ನು ಎಲ್ಲ ಗಣಕಗಳೂ ಆಗಾಗ ಪ್ರತಿಮಾಡಿಕೊಳ್ಳಬೇಕಾಗಿದ್ದಿತು. ಶಾನುಭೋಗರೊಬ್ಬರ ಖಿರ್ದಿಯಿಂದ ಒಂದು ಊರು ನಡೆದೀತು, ಲೋಕ ನಡೆಯದು. ಗಣಕಗಳು ಹೆಚ್ಚಿದಂತೆಲ್ಲ ಕಡತ ಬೆಳೆಯಿತು, ಪ್ರತಿಗಳು ಹಳತಾದವು, ಒಂದೇ ಹೆಸರಿಗೆ ಇಬ್ಬರು ಹಕ್ಕು ಹೇಳುವಂತಾಯಿತು.

1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಇದಕ್ಕೆ ಪರಿಹಾರವನ್ನು ರೂಪಿಸಿದನು. ಸಮಸ್ತ ಹೆಸರುಗಳನ್ನೂ ಒಬ್ಬನೇ ಬಲ್ಲವನಾಗಿರಬೇಕಾಗಿಲ್ಲ, ಪ್ರತಿಯೊಬ್ಬನೂ ತನ್ನ ಕೆಳಗಿನವನು ಯಾರೆಂಬುದನ್ನು ಮಾತ್ರ ತಪ್ಪದೆ ಬಲ್ಲವನಾಗಿದ್ದರೆ ಸಾಕು ಎಂಬುದು ಅವನು ಕಂಡ ತಿರುಳು. ನಮ್ಮ ಜಿಲ್ಲೆಯ ಜಾಲತಾಣದ ಹೆಸರನ್ನೇ ನೋಡಬಹುದು: ಹಾವೇರಿ.ನಿಕ್.ಇನ್. ಇದನ್ನು ಬರೆದಿರುವುದು ಲಕೋಟೆಯ ಕ್ರಮದಲ್ಲಿ, ಆದರೆ ಗಣಕವು ಇದನ್ನು ಬಿಡಿಸುವುದು ಶಾಸನದ ಕ್ರಮದಲ್ಲಿ, ಬಲತುದಿಯಿಂದ. ಹಿರೇಕೆರೂರಿನ ವಿದ್ಯಾರ್ಥಿಯೊಬ್ಬನು ಮೊಬೈಲಿನಲ್ಲಿ ಈ ಹೆಸರನ್ನು ಒತ್ತಿದೊಡನೆ, ಅವನ ಪರವಾಗಿ ವಿಚಾರಿಸುವ ಸರ್ವರೊಂದು ಮೊದಲು ಮೂಲ ಸರ್ವರನ್ನು ಕೇಳುತ್ತದೆ. ಮೂಲಕ್ಕೆ ಹಾವೇರಿಯ ಪರಿಚಯವಿಲ್ಲ. 'ಇನ್' ಎಂಬ ಭಾರತದ ಗುರುತಿನ ಹೊಣೆಗಾರರು ಇಂಥವರೆಂದು ಹೇಳಿ ಅದು ಸುಮ್ಮನಾಗುತ್ತದೆ. ಆ ಹೊಣೆಗಾರರು 'ನಿಕ್', ಅಂದರೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸರ್ವರುಗಳನ್ನು ತೋರಿಸುತ್ತಾರೆ. ಹಾವೇರಿಯ ಸಂಖ್ಯೆ ದೊರೆಯುವುದು ಅಲ್ಲಿ. ಇಷ್ಟೆಲ್ಲ ವಿಚಾರಣೆ ಸಾಮಾನ್ಯವಾಗಿ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿದುಹೋಗುತ್ತದೆ. ಮೂಲ ಸರ್ವರುಗಳ ಹೆಸರುಗಳು ಹದಿಮೂರೇ; ಅವುಗಳ ಪ್ರತಿರೂಪಗಳು ಮಾತ್ರ ಸಾವಿರಕ್ಕೂ ಮಿಗಿಲಾಗಿ ಭೂಮಂಡಲವೆಲ್ಲ ಹರಡಿವೆ.

ಒಮ್ಮೆ ತಿಳಿದುದನ್ನು ಪದೇ ಪದೇ ಕೇಳುವುದು ವ್ಯರ್ಥವಾದುದರಿಂದ, ವಿಚಾರಿಸಿದ ಸರ್ವರು ಉತ್ತರವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಅದನ್ನು ಎಷ್ಟು ಸೆಕೆಂಡುಗಳವರೆಗೆ ನಂಬಬಹುದೆಂಬ ಅವಧಿಯೂ ಉತ್ತರದೊಡನೆಯೇ ಬಂದಿರುತ್ತದೆ. ಈ ಅವಧಿಯ ಬೆಲೆಯನ್ನು ಹಿರೇಕೆರೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆಲ ಕದಲದಿದ್ದರೂ ಅವರ ವಿಳಾಸದ ಮೇಲಂತಸ್ತು ಬದಲಾಗುತ್ತಲೇ ಬಂದಿತು: 1956ರ ನವೆಂಬರ್ 1ರಂದು ಮುಂಬಯಿ ಹೋಗಿ ಮೈಸೂರಾಯಿತು, 1973ರಲ್ಲಿ ಮೈಸೂರು ಹೋಗಿ ಕರ್ನಾಟಕವಾಯಿತು, 1997ರಲ್ಲಿ ಧಾರವಾಡ ಹೋಗಿ ಹಾವೇರಿ ಜಿಲ್ಲೆಯಾಯಿತು. ಹಳೆಯ ನೆನಪಿಗೆ ಅವಧಿಯೆಂಬುದಿಲ್ಲದಿದ್ದರೆ ಇಂದಿಗೂ ಧಾರವಾಡ ಜಿಲ್ಲೆಯೆಂದು ಬರೆಯುವ ಕೈಯನ್ನು ತಿದ್ದುವವರಾರು? ಜಾಲದಲ್ಲಿ ಇದರ ತಿರುಗುಮುರುಗು: ಅಲ್ಲಿ ಹೆಸರು ನಿಲ್ಲುತ್ತದೆ, ನೆಲೆ ಕದಲುತ್ತದೆ. ತಾಣವೊಂದು ಹಳೆಯ ಯಂತ್ರವನ್ನು ಬಿಟ್ಟು ಹೊಸದಕ್ಕೆ ಹೋದರೂ ಓದುಗನು ಹಳೆಯ ಹೆಸರಿನಿಂದಲೇ ಅದನ್ನು ಮುಟ್ಟುತ್ತಾನೆ. ದಾರಿ ಹೇಳುವವನೇ ಸುಳ್ಳಾಡಿದರೆ ಏನು ಗತಿಯೆಂಬ ಭಯಕ್ಕೆ ಉತ್ತರವಾಗಿ, ತಾಮ್ರಪಟಕ್ಕೆ ರಾಜಮುದ್ರೆಯನ್ನು ಒತ್ತಿದಂತೆ, 2010ರ ಜುಲೈ ತಿಂಗಳಿನಲ್ಲಿ ಮೂಲದ ದಾಖಲೆಗೂ ಗಣಿತದ ಸಹಿ ಬಿದ್ದಿತು.

ಬಹುಕಾಲ ಈ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ರೋಮನ್ ಅಕ್ಷರ, ಅಂಕೆ, ಕಿರುಗೆರೆ, ಇಷ್ಟೇ ಅದರ ವರ್ಣಮಾಲೆ. ಅನ್ಯಲಿಪಿಯ ಹೆಸರನ್ನು ಆ ಅಕ್ಷರಗಳಿಗೇ ಇಳಿಸುವ ಸಂಕೇತಲೇಖನಕ್ರಮವೊಂದು 2003ರಲ್ಲಿ ಸಿದ್ಧವಾದ ಮೇಲೆ ಕ್ರಮೇಣ ಭಾರತೀಯ ಲಿಪಿಗಳಿಗೂ ಬಾಗಿಲು ತೆರೆಯಿತು, ಇಂದು '.ಭಾರತ' ಎಂಬ ಕನ್ನಡ ಲಿಪಿಯ ಗುರುತು ಮೂಲದ ದಾಖಲೆಯಲ್ಲಿಯೇ ಇದೆ. ನಾವು ಭಾರತವೆಂದು ಬರೆದುದನ್ನು ಯಂತ್ರವು 'ಎಕ್ಸ್‌ಎನ್' ಎಂದು ತೊಡಗಿ, ಎರಡು ಕಿರುಗೆರೆಯೆಳೆದು, '2ಎಸ್‌ಸಿಆರ್‌ಜೆ9ಸಿ' ಎಂದು ಓದಿಕೊಳ್ಳುತ್ತದೆ. ಓದಿಕೊಳ್ಳಲಿ, ಅದು ಯಂತ್ರಕ್ಕೆ ಬೇಕಾದ ರೂಪ.

ಹಿರಿಯ ಕೆರೆಯ ಊರು ಹಿರೇಕೆರೂರೆಂಬುದು ಕನ್ನಡದ ಕಿವಿಗೆ ಕೂಡಲೇ ತಿಳಿಯುತ್ತದೆ. ರೋಮನ್ ಅಕ್ಷರಗಳಲ್ಲಿ ಬರೆದಾಗ ಹೆಸರಿನ ದೀರ್ಘಸ್ವರಗಳೂ ಅವುಗಳೊಡನೆ ಕೆರೆಯೂ ಮಸುಕಾಗುತ್ತವೆ. ಆದುದರಿಂದ ಈ ಊರಿನ ಶಾಲೆ, ಸೊಸಾಯಿಟಿ, ಗ್ರಂಥಾಲಯಗಳು ತಂತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿಯೇ ಜಾಲದಲ್ಲಿ ನೆಡಬೇಕೆಂಬುದು ನನ್ನ ಹಾರೈಕೆ. ಕೇಳಿದವರಿಗೆ ನೆಲೆಯನ್ನು ತೋರಿಸುವ ಬಲ್ಲವರು ಈಗ ದಾರಿಯುದ್ದಕ್ಕೂ ನಿಂತಿದ್ದಾರೆ. ಕೇಳಬೇಕಾದ ಕನ್ನಡದ ಹೆಸರನ್ನು ಇಡಬೇಕಾದವರು ನಾವು.